ಭಾಂಡೆ ತಿಕ್ಕೋ ಕೆಲಸ: ಸಿಂಕಿನ ಮುಂದೆ ನಾನು ಕಲಿತದ್ದು



ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ನಿನ್ನೆ ರಾತ್ರಿ ಊಟ ಆದ ಮೇಲೆ ತಾವು ಉಂಡ ತಟ್ಟೆಯನ್ನ ತಾವೇ ತೊಳೆದವರು ಕೈ ಎತ್ತಿ ನೋಡೋಣ.

ಹ್ಞಾಂ. ಹೆಣ್ಣುಮಕ್ಕಳ ಕೈ ಪಟ್ ಅಂತ ಮೇಲೆ ಹೋಯ್ತು. ಗಂಡಸರಲ್ಲಿ ನಾಲ್ಕೈದು ಜನ. ಅದರಲ್ಲೂ ಇಬ್ಬರು ಪಕ್ಕದಲ್ಲಿ ಕೂತ ಹೆಂಡತಿ ಮುಖ ನೋಡಿ ಕೈ ಇಳಿಸಿಬಿಟ್ರು. (ನಗು) ಪರವಾಗಿಲ್ಲ. 2020ರ ಮಾರ್ಚ್‌ವರೆಗೂ ನಾನೂ ನಿಮ್ಮ ಜೊತೆ ಕೈ ಕಟ್ಟಿಕೊಂಡೇ ಕೂತಿರುತ್ತಿದ್ದೆ.

ನಾನು ಗದಗ-ಬೆಟಗೇರಿಯವನು. ಪುಣೆಗೆ ಬಂದು ಹದಿನಾರು ವರ್ಷ ಆಯ್ತು. ವಾಕಡ್‌ನಲ್ಲಿ ಮನೆ, ಹಿಂಜೆವಾಡಿಯಲ್ಲಿ ಆಫೀಸು. ಇಲ್ಲಿ ಕೂತಿರೋರಲ್ಲಿ ಅರ್ಧ ಜನರ ವಿಳಾಸ ಇದೇ ಅಂತ ಗೊತ್ತು. ನನ್ನ ಹೆಂಡತಿ ತುಮಕೂರು ಕಡೆಯವಳು, ಅವಳೂ ಐಟಿಯಲ್ಲೇ. ಅವರ ಮನೆಯಲ್ಲಿ ‘ಪಾತ್ರೆ ತೊಳೆಯೋದು’, ನಮ್ಮ ಕಡೆ ‘ಭಾಂಡೆ ತಿಕ್ಕೋದು’. ಪುಣೆಗೆ ಬಂದ ಹೊಸದರಲ್ಲಿ ಮರಾಠಿ ಒಂದಕ್ಷರ ಬರದಿದ್ದಾಗಲೂ ನನಗೆ ಅರ್ಥ ಆದ ಒಂದು ಪದ ‘ಭಾಂಡಿ’. ರಾಜ್ಯ ಬದಲಾಯ್ತು, ಭಾಷೆ ಬದಲಾಯ್ತು, ಸಿಂಕಲ್ಲಿ ಬಿದ್ದಿರೋದು ಮಾತ್ರ ಅದೇ.

ಇವತ್ತು ನಾನು ಮಾತಾಡೋದು ಆ ಸಿಂಕಿನ ಬಗ್ಗೆ. ಇಂಥಾ ವಿಷಯಕ್ಕೂ ಒಂದು ಭಾಷಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೇಳಿ, ಆಮೇಲೆ ನೀವೇ ಹೇಳಿ.

ಆ ವರ್ಷ ಮಾರ್ಚ್‌ನಲ್ಲಿ ನಮ್ಮ ಮಗಳ ಹುಟ್ಟುಹಬ್ಬಕ್ಕೆ ಅಂತ ಅವ್ವ ಊರಿಂದ ಬಂದಿದ್ದಳು. ಹತ್ತು ದಿನ ಇದ್ದು ಹೋಗೋ ಲೆಕ್ಕ. ಅಷ್ಟರಲ್ಲಿ ಲಾಕ್‌ಡೌನ್. ಮಾರ್ಚ್ 25ರಿಂದ ದೇಶವೇ ಬಂದ್. ಅದಕ್ಕೆ ಎರಡು ದಿನ ಮುಂಚೆನೇ ನಮ್ಮ ಸೊಸೈಟಿ ಗೇಟಿನಲ್ಲಿ ಮನೆಕೆಲಸದವರನ್ನ ಒಳಗೆ ಬಿಡೋದು ನಿಲ್ಲಿಸಿದ್ರು. ನಮ್ಮ ಮನೆಗೆ ಐದು ವರ್ಷದಿಂದ ಬರುತ್ತಿದ್ದ ಮಾವಶಿಯೂ ಬರಲಿಲ್ಲ.

ಮೊದಲ ಮೂರು ದಿನ ನಮ್ಮ ಮನೆಯಲ್ಲಿ ಭಾಂಡೆ ತಿಕ್ಕಿದ್ದು ಯಾರು ಗೊತ್ತಾ? ಅವ್ವ. ನಾನು ಬೆಡ್‌ರೂಮಲ್ಲಿ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅಡುಗೆಮನೆಯಿಂದ ಸ್ಟೀಲಿನ ಸದ್ದು ಕೇಳ್ತಾ ಇತ್ತು. ಆ ಹೊತ್ತಿಗೆ ನನ್ನ ಮನಸ್ಸಿಗೆ ಬಂದ ಮಾತು, ಮುಚ್ಚಿಡದೆ ಹೇಳ್ತೀನಿ: ‘ಅವ್ವಗೆ ರೂಢಿ ಇದೆ ಬಿಡು.’

ಮೂರನೇ ದಿನ ಹೆಂಡತಿ ಬಾಗಿಲು ತೆಗೆದು ಒಳಗೆ ಬಂದಳು. ಜೋರು ಮಾಡಲಿಲ್ಲ. “ಅತ್ತೆಗೆ ಅರವತ್ತಾರು ವರ್ಷ. ಮಂಡಿನೋವು. ಒಂದು ಗಂಟೆಯಿಂದ ನಿಂತೇ ಇದಾರೆ. ನಾನು ಬೇಡ ಅಂದ್ರೂ ಬಿಡ್ತಿಲ್ಲ. ನೀನು ಒಂದು ಗಂಟೆಯಿಂದ ಮ್ಯೂಟಲ್ಲಿ ಕೂತಿದೀಯ” ಅಂದಳು.

ನಿಜ. ಆ ಕಾಲ್‌ನಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ. (ನಗು) ಹೆಡ್‌ಫೋನ್ ತೆಗೆದಿಟ್ಟು ಅಡುಗೆಮನೆಗೆ ಹೋದೆ.

ಅವ್ವ ಬಿಡಬೇಕಲ್ಲ? “ಏ, ಸರಿ ಅತ್ತಾಗ. ಗಂಡ್ಸ ಆಗಿ ಮುಸುರಿ ತಿಕ್ತೀಯೇನು? ಮಂದಿ ನೋಡಿದ್ರ ಏನಂದಾರು?”

“ಯಾವ ಮಂದಿ ಅವ್ವಾ? ಲಾಕ್‌ಡೌನ್ ಐತಿ. ಮಂದಿ ಎಲ್ಲಾ ತಮ್ಮ ತಮ್ಮ ಮನ್ಯಾಗ ಭಾಂಡೆ ತಿಕ್ಕಾಕತ್ತಾರ.”

ನಕ್ಕಳು. ನಕ್ಕು ಪಕ್ಕಕ್ಕೆ ಸರಿದಳು. ಆದರೆ ಹೋಗಲಿಲ್ಲ, ಸ್ಟೂಲ್ ಎಳ್ಕೊಂಡು ಕೂತು ನನ್ನ ಕೆಲಸ ನೋಡ್ತಾ ಇದ್ದಳು. ನಾನೇನು ಮಾಡಿದೆ? ಎಲ್ಲ ಒಟ್ಟಿಗೆ ಸಿಂಕಿಗೆ ಹಾಕಿದೆ. ಕುಕ್ಕರ್, ಬಾಣಲೆ, ಹಾಲಿನ ಪಾತ್ರೆ, ನೀರು ಕುಡಿಯೋ ಲೋಟ, ಎಲ್ಲ. ನಲ್ಲಿ ಪೂರ್ತಿ ತಿರುಗಿಸಿ, ಲಿಕ್ವಿಡ್ ಸುರಿದು, ನೊರೆಯೋ ನೊರೆ. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡೀತು. ಅವ್ವ ಒಂದು ಲೋಟ ಎತ್ತಿ ಬೆರಳಲ್ಲಿ ಸವರಿ ನೋಡಿ ವಾಪಸ್ ಸಿಂಕಲ್ಲಿಟ್ಟಳು. ಜಿಡ್ಡು ಹಾಗೇ ಇತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೆಸ್ಟಿಂಗ್‌ನಲ್ಲಿ ಫೇಲ್, ಟಿಕೆಟ್ ರೀಓಪನ್. (ನಗು)

“ಎಣ್ಣಿ ಬಾಣಲಿ ಜೋಡಿ ನೀರು ಕುಡಿಯೋ ಲೋಟ ಹಾಕಿದ್ರ ಎಲ್ಲಾ ಜಿಡ್ಡ ಆಗ್ತಾವ. ಮೊದ್ಲ ಬ್ಯಾರೆ ಬ್ಯಾರೆ ಮಾಡು” ಅಂದಳು.

ಅಲ್ಲಿಂದ ನನ್ನ ಟ್ರೈನಿಂಗ್ ಶುರುವಾಯ್ತು. ಎರಡು ತಿಂಗಳಲ್ಲಿ ಅವ್ವ ಕಲಿಸಿದ್ದನ್ನ ನಿಮಗೂ ಹೇಳಿಬಿಡ್ತೀನಿ, ಕೆಲಸಕ್ಕೆ ಬರುತ್ತೆ.

ಒಂದು, ಕ್ರಮ. ಮೊದಲು ಲೋಟ, ಚಮಚ. ಆಮೇಲೆ ತಟ್ಟೆ, ಬಟ್ಟಲು. ಆಮೇಲೆ ಅಡುಗೆ ಮಾಡಿದ ಪಾತ್ರೆ. ಕೊನೆಗೆ ಎಣ್ಣೆಯ ಬಾಣಲೆ, ತವಾ. ಜಿಡ್ಡು ಕಡಿಮೆ ಇರೋದರಿಂದ ಜಾಸ್ತಿ ಇರೋದರ ಕಡೆಗೆ ಹೋಗಬೇಕು. ಆಗ ತಿಕ್ಕೋ ನಾರು ಕೊನೇವರೆಗೂ ಕೆಲಸ ಮಾಡುತ್ತೆ.

ಎರಡು, ನೆನೆ ಹಾಕೋದು. ಅನ್ನ, ಬೇಳೆ ತಳ ಹಿಡಿದಿದ್ದರೆ ತಿಕ್ಕೋಕೆ ಹೋಗಬೇಡಿ, ನೀರು ಹಾಕಿ ಬಿಡಿ. ಅರ್ಧ ಗಂಟೆಯಲ್ಲಿ ನೀರೇ ಅರ್ಧ ಕೆಲಸ ಮಾಡಿರುತ್ತೆ. ಹಾಲಿನ ಪಾತ್ರೆಗೆ, ಮೊಟ್ಟೆ ತಟ್ಟೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಅದರಲ್ಲಿರೋ ಪ್ರೋಟೀನ್ ಗಟ್ಟಿಯಾಗಿ ಪಾತ್ರೆಗೆ ಅಂಟಿಕೊಳ್ಳುತ್ತೆ. ಎಣ್ಣೆ ಜಿಡ್ಡಿಗೆ ಮಾತ್ರ ಬಿಸಿನೀರು. ಕಬ್ಬಿಣದ ತವಾ ನೆನೆ ಹಾಕಲೇಬಾರದು, ತುಕ್ಕು ಹಿಡಿಯುತ್ತೆ.

ಮೂರು, ನೊರೆಗೂ ಸ್ವಚ್ಛಕ್ಕೂ ಸಂಬಂಧ ಕಡಿಮೆ. ಡಿಟರ್ಜೆಂಟಿನ ಅಣುವಿಗೆ ಎರಡು ತುದಿ. ಒಂದು ತುದಿ ನೀರಿನ ಕಡೆ, ಇನ್ನೊಂದು ಎಣ್ಣೆಯ ಕಡೆ. ಎಣ್ಣೆಯನ್ನ ಹಿಡಿದು ನೀರಿನ ಜೊತೆ ಹೊರಗೆ ಎಳ್ಕೊಂಡು ಹೋಗೋದು ಅದರ ಕೆಲಸ. ನೊರೆ ನಮ್ಮ ಸಮಾಧಾನಕ್ಕೆ. ಊರಲ್ಲಿ ಅವ್ವ ಒಲೆಯ ಬೂದಿಯಲ್ಲಿ ತಿಕ್ಕುತ್ತಿದ್ದಳು, ಅದರಲ್ಲಿ ನೊರೆ ಎಲ್ಲಿತ್ತು? ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತೆ, ಅದು ಕ್ಷಾರ. ಜಿಡ್ಡಿನ ಜೊತೆ ಸೇರಿದಾಗ ಅಲ್ಲೇ ಸ್ವಲ್ಪ ಸಾಬೂನು ತಯಾರಾಗುತ್ತೆ. ತಾಮ್ರದ ತಂಬಿಗೆಗೆ ಹುಣಸೆಹಣ್ಣು, ಯಾಕಂದ್ರೆ ಹುಣಸೆಯ ಆಮ್ಲ ತಾಮ್ರದ ಮೇಲಿನ ಕಪ್ಪನ್ನ ಕರಗಿಸುತ್ತೆ. ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಇದನ್ನ ಮೂರನೇ ಕ್ಲಾಸ್ ಓದಿದ ಅವ್ವನ ಹತ್ತಿರ ನಲವತ್ತರ ಹತ್ತಿರ ಬಂದಾಗ ಕಲಿತೆ.

ನಾಲ್ಕು, ನೀರು. ನಮ್ಮ ಏರಿಯಾದಲ್ಲಿ ಬೇಸಿಗೆ ಅಂದ್ರೆ ಟ್ಯಾಂಕರ್, ನಿಮಗೆ ಹೇಳಬೇಕಾಗಿಲ್ಲ. ಒಂದು ದಿನ ಸಿಂಕಿನ ನಲ್ಲಿ ಕೆಳಗೆ 20 ಲೀಟರ್ ಬಕೆಟ್ ಇಟ್ಟು ಟೈಮರ್ ಹಾಕಿದೆ. ಎರಡೂವರೆ ನಿಮಿಷಕ್ಕೆ ತುಂಬಿತು. ನಿಮಿಷಕ್ಕೆ 8 ಲೀಟರ್. 25 ನಿಮಿಷ ನಲ್ಲಿ ಬಿಟ್ಟುಕೊಂಡೇ ತೊಳೆದರೆ 200 ಲೀಟರ್! ಅವ್ವ ಹೇಳಿದ ಹಾಗೆ ಎರಡು ಟಬ್ ಇಟ್ಟು, ಒಂದರಲ್ಲಿ ಮೊದಲ ಜಾಲಿಸು, ಇನ್ನೊಂದರಲ್ಲಿ ಎರಡನೇ ಜಾಲಿಸು ಅಂತ ಮಾಡಿದಾಗ 40 ಲೀಟರಿನಲ್ಲಿ ಕೆಲಸ ಮುಗಿಯಿತು. ನಿಮ್ಮ ನಲ್ಲಿಯ ಲೆಕ್ಕ ಬೇರೆ ಇರಬಹುದು, ಒಮ್ಮೆ ಬಕೆಟ್ ಇಟ್ಟು ನೋಡಿ.

ಈಗ ನಿಮ್ಮಲ್ಲಿ ಯಾರೋ ಒಬ್ಬರು ‘ಇಷ್ಟೆಲ್ಲ ಯಾಕೆ ಸಾರ್, ಡಿಶ್‌ವಾಷರ್ ತಗೋಬಹುದಿತ್ತಲ್ಲ’ ಅಂತ ಅಂದ್ಕೋತಿದ್ದೀರಿ. ತಗೊಳ್ಳಿ, ನಾನು ವಿರೋಧಿ ಅಲ್ಲ. ಆದರೆ ಆ ಯಂತ್ರದ ಕತೆ ಸ್ವಲ್ಪ ಕೇಳಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜೋಸೆಫೀನ್ ಕೊಕ್ರೇನ್ ಅಂತ ಒಬ್ಬ ಅನುಕೂಲಸ್ಥ ಹೆಂಗಸು. ಮನೆಯಲ್ಲಿ ಬೆಲೆಬಾಳೋ ಪಿಂಗಾಣಿ ತಟ್ಟೆಗಳು. ಆಳುಗಳು ತೊಳೆಯುವಾಗ ಅಂಚು ಒಡೀತಾರೆ ಅಂತ ತಾನೇ ತೊಳೆಯೋಕೆ ನಿಂತಳು ಅಂತ ಹೇಳ್ತಾರೆ. ಸ್ವಲ್ಪ ದಿನಕ್ಕೆ ಸಾಕಾಯ್ತು. 1886ರಲ್ಲಿ ಪಾತ್ರೆ ತೊಳೆಯೋ ಯಂತ್ರಕ್ಕೆ ಪೇಟೆಂಟ್ ಪಡೆದಳು. 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ ಅದನ್ನ ಇಟ್ಟಿದ್ದಳು.

ಇದರಲ್ಲಿ ನನಗೆ ಕಾಣೋದು ಇಷ್ಟು. ಆಳುಗಳು ವರ್ಷಗಟ್ಟಲೆ ತೊಳೀತಾ ಇದ್ದಾಗ ಆ ಮನೆಯಲ್ಲಿ ಅದು ಸಮಸ್ಯೆ ಆಗಿರಲಿಲ್ಲ. ಯಜಮಾನಿಯ ಕೈ ನೀರಿಗೆ ಬಿದ್ದ ಮೇಲೆ ಸಮಸ್ಯೆ ಆಯ್ತು. ಬೇರೆಯವರು ಮಾಡೋ ಕೆಲಸ ನಮಗೆ ಕೆಲಸ ಅಂತಾನೇ ಕಾಣಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿತು. ಆರು ವರ್ಷ ಮೇಲ್ಪಟ್ಟವರಲ್ಲಿ, ಒಂದು ದಿನದಲ್ಲಿ ಸಂಬಳ ಇಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ನೂರಕ್ಕೆ 81.2. ಗಂಡಸರು ನೂರಕ್ಕೆ 26.1. ಹಾಗೆ ಕೈ ಹಾಕಿದವರೂ ಎಷ್ಟು ಹೊತ್ತು ಮಾಡಿದ್ರು? ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97. ಅಂದರೆ ನಾಲ್ಕರಲ್ಲಿ ಮೂರು ಜನ ಗಂಡಸರದ್ದು ಸೊನ್ನೆ. ಆ ಸೊನ್ನೆಯಲ್ಲಿ ನಾನೂ ಒಬ್ಬ.

ಇಷ್ಟು ಮಾತ್ರ ಆಗಿದ್ದರೆ ನಾನು ಇಲ್ಲಿ ಬಂದು ನಿಲ್ತಿರಲಿಲ್ಲ. ಈಗ ಹೇಳೋದು ನನಗೆ ಸ್ವಲ್ಪ ಕಷ್ಟದ ಮಾತು.

ಏಪ್ರಿಲ್‌ನಲ್ಲಿ ಒಂದು ದಿನ ಅವ್ವ ನಮ್ಮ ಡ್ರೈ ಬಾಲ್ಕನಿ ಸ್ವಚ್ಛ ಮಾಡ್ತಿದ್ದಳು. ಅಲ್ಲಿ ವಾಷಿಂಗ್ ಮಷಿನ್ ಹಿಂದೆ, ಕಿಟಕಿ ಕಟ್ಟೆ ಮೇಲೆ ಒಂದು ಕಪ್ ಇತ್ತು. ಹಿಡಿ ಮುರಿದ ಕಪ್. ಅವ್ವ ಅದನ್ನ ಕೈಯಲ್ಲಿ ಹಿಡ್ಕೊಂಡು ಒಳಗೆ ಬಂದಳು. “ಇದ್ಯಾಕ ಅಲ್ಲಿ ಐತಿ?” ಅಂತ ಕೇಳಿದಳು.

ನಾನು, ನನ್ನ ಹೆಂಡತಿ ಇಬ್ಬರೂ ಬಾಯಿ ಬಿಡಲಿಲ್ಲ. ಆರು ವರ್ಷದ ನಮ್ಮ ಮಗಳು ಹೇಳಿದಳು: “ಅಜ್ಜಿ, ಅದು ಮಾವಶಿ ಕಪ್. ಅದರಲ್ಲಿ ನಾವು ಕುಡಿಯಲ್ಲ.”

ನಾವು ಮಗಳಿಗೆ ಇದನ್ನ ಯಾವತ್ತೂ ಕೂರಿಸಿ ಕಲಿಸಿಲ್ಲ. ಅವಳು ನೋಡಿ ಕಲಿತಿದ್ದಳು.

ನಾವೂ ಕೂತು ತೀರ್ಮಾನ ಮಾಡಿದ್ದಲ್ಲ. ಹಿಡಿ ಮುರಿದ ಕಪ್ ಒಂದಿತ್ತು, ಯಾವತ್ತೋ ಮಾವಶಿಗೆ ಅದರಲ್ಲಿ ಟೀ ಕೊಟ್ಟಿದ್ವಿ, ಆಮೇಲೆ ಅದೇ ಅವರ ಕಪ್ ಆಯ್ತು. ಡೀಫಾಲ್ಟ್ ಸೆಟ್ಟಿಂಗ್ ಅಂತೀವಲ್ಲ, ಹಾಗೆ. ಈ ಮನೆಯಲ್ಲಿ ಯಾರೂ ಬರೆದ ಕೋಡ್ ಅಲ್ಲ, ಯಾವುದೋ ಹಳೇ ಸಿಸ್ಟಮ್‌ನಿಂದ ಕಾಪಿ ಆಗಿ ಬಂದಿತ್ತು. ಮರಾಠಿಯಲ್ಲಿ ಮಾವಶಿ ಅಂದ್ರೆ ಏನು ಹೇಳಿ? ಅವ್ವನ ಅಕ್ಕ-ತಂಗಿ. ನಮ್ಮಲ್ಲಿ ದೊಡ್ಡವ್ವ, ಚಿಗವ್ವ ಅಂದಂಗೆ. ಬಾಯಲ್ಲಿ ಚಿಗವ್ವ, ಕೈಯಲ್ಲಿ ಬೇರೆ ಕಪ್.

ಅವ್ವ ಏನೂ ಅನ್ನಲಿಲ್ಲ. ಆ ಕಪ್ಪನ್ನ ಚೆನ್ನಾಗಿ ತಿಕ್ಕಿ, ತೊಳೆದು, ಬಾಕಿ ಕಪ್ಪುಗಳ ಸಾಲಿನಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ನೋಡ್ತೀನಿ, ಅವ್ವ ಆ ಕಪ್ಪಿನಲ್ಲೇ ಚಹಾ ಕುಡೀತಾ ಇದ್ದಾಳೆ. ಅದರ ಮರುದಿನವೂ. “ಅವ್ವಾ, ಆ ಕಪ್ ಯಾಕ? ಬ್ಯಾರೆ ಅದಾವಲ್ಲ” ಅಂದೆ.

“ಇರ್ಲಿ ಬಿಡೋ. ನನಗ ರೂಢಿ ಐತಿ” ಅಂದಳು.

ಆ ಮಾತಿನ ಅರ್ಥ ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿರಲಿಲ್ಲ, ಯಾಕಂದ್ರೆ ನಾನು ಹೇಳಿರಲಿಲ್ಲ.

ನಮ್ಮಪ್ಪ ಬೆಟಗೇರಿಯಲ್ಲಿ ಮಗ್ಗ ನೇಯ್ತಿದ್ದ. ನಾನು ಮೂರನೇ ಕ್ಲಾಸ್‌ನಲ್ಲಿದ್ದಾಗ ಅವನಿಗೆ ಕಾಯಿಲೆ ಬಂದು ಮಗ್ಗ ನಿಂತಿತು. ಅವ್ವ ಎರಡು ಮನೆಯಲ್ಲಿ ಭಾಂಡೆ ತಿಕ್ಕೋಕೆ ಹೋಗೋಕೆ ಶುರು ಮಾಡಿದಳು. ನನ್ನ ಡಿಗ್ರಿ ಮುಗಿಯೋವರೆಗೂ, ಹದಿಮೂರು ವರ್ಷ. ರಜೆ ಇದ್ದಾಗ ನಾನೂ ಜೊತೆಗೆ ಹೋಗಿ ನೀರು ಸೇದಿ ಕೊಡ್ತಿದ್ದೆ. ಒಂದು ಮನೆಯಲ್ಲಿ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಸೊಟ್ಟ ಲೋಟ ಇರುತ್ತಿತ್ತು. ಅವ್ವಗೆ ಚಹಾ ಅದರಲ್ಲಿ, ಅದೂ ಮೇಲಿಂದ ಸುರಿಯೋದು. ಅವ್ವ ತಿಕ್ಕಿ ತೊಳೆದು ಬೋರಲು ಹಾಕಿದ ಭಾಂಡೆಗಳ ಮೇಲೆ ಆ ಮನೆಯವರು ಇನ್ನೊಂದು ತಂಬಿಗೆ ನೀರು ಸುರಿದು ಒಳಗೆ ಒಯ್ಯುತ್ತಿದ್ದರು. ಅವರೇನು ಕೆಟ್ಟವರಲ್ಲ. ನನಗೆ ಹಳೇ ಪುಸ್ತಕ ಕೊಟ್ಟಿದ್ದಾರೆ, ಹಬ್ಬಕ್ಕೆ ಹೋಳಿಗೆ ಕೊಟ್ಟಿದ್ದಾರೆ. ಆದರೆ ಲೋಟ ಮಾತ್ರ ಗೂಡಿನಲ್ಲೇ ಇತ್ತು. ಒಂಬತ್ತು ವರ್ಷದ ನನಗೆ ಆ ಲೆಕ್ಕ ತಿಳಿಯುತ್ತಿರಲಿಲ್ಲ. ಅವ್ವ ಮುಟ್ಟಿ ತಿಕ್ಕಿದರೆ ಸ್ವಚ್ಛ, ಅವ್ವ ಮುಟ್ಟಿ ಕುಡಿದರೆ ಮೈಲಿಗೆ. ಅದು ಹೆಂಗೆ?

ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮನೆಯವರ ಬಗ್ಗೆ ಕೇಳಿದಾಗ ಅಪ್ಪ ನೇಕಾರ, ಅಮ್ಮ ಹೌಸ್‌ವೈಫ್ ಅಂತ ಹೇಳಿದೆ. ಮದುವೆ ಮಾತುಕತೆಯಲ್ಲೂ ಅದೇ ಹೇಳಿದೆ. ನನ್ನ ಫೀಸು ಕಟ್ಟಿದ ಕೆಲಸವನ್ನ ನಾನು ಮುಚ್ಚಿಟ್ಟೆ. ಮುಚ್ಚಿಟ್ಟದ್ದು ಸಾಲದು ಅಂತ, ಆ ಗೂಡಿನ ಲೋಟವನ್ನ ವಾಕಡ್‌ಗೆ ತಂದು ಏಳನೇ ಮಹಡಿಯಲ್ಲಿ ಇಟ್ಟುಕೊಂಡಿದ್ದೆ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸುಮಾರು ಹೊತ್ತು ಸುಮ್ಮನಿದ್ದು, “ಹೇಳಿದ್ರೆ ನಾನೇನು ಅಂದ್ಕೋತಿದ್ದೆ ಅಂತ ನೀನು ತಿಳ್ಕೊಂಡಿದ್ದೆ?” ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ. ಲಾಕ್‌ಡೌನಿನಲ್ಲಿ ಮಾವಶಿಗೆ ಸಂಬಳ ನಿಲ್ಲಿಸಿರಲಿಲ್ಲ, ಅದೊಂದು ಹೆಮ್ಮೆ ನನಗೆ ಒಳಗೊಳಗೇ ಇತ್ತು. ಮೊದಲ ಸಲ ಯುಪಿಐನಲ್ಲಿ ಕಳಿಸುವಾಗ ಸ್ಕ್ರೀನ್ ಮೇಲೆ ಅವರ ಪೂರ್ತಿ ಹೆಸರು ಬಂತು. ಐದು ವರ್ಷದಲ್ಲಿ ಆ ಹೆಸರು ನಾನು ನೋಡಿದ್ದು ಅದೇ ಮೊದಲು. ನನ್ನ ಫೋನಿನಲ್ಲಿ ಅವರ ನಂಬರ್ ಇದ್ದದ್ದು ‘ಮಾವಶಿ ಭಾಂಡಿ’ ಅಂತ. ಹೆಸರು ಇಲ್ಲಿ ಹೇಳಲ್ಲ, ಅವರನ್ನ ಕೇಳಿಲ್ಲ. ಫೋನಿನಲ್ಲಿ ಮಾತ್ರ ಬದಲಾಯಿಸಿದೆ.

ಜೂನ್‌ನಲ್ಲಿ ಅವ್ವ ಊರಿಗೆ ಹೋದಳು. ಅದಾಗಿ ಸ್ವಲ್ಪ ದಿನಕ್ಕೆ ಮಾವಶಿ ವಾಪಸ್ ಬಂದರು. ನಾನು ಎಲ್ಲರ ಜೊತೆಯ ಕಪ್ಪಿನಲ್ಲಿ ಟೀ ಕೊಟ್ಟೆ. ಸಿನಿಮಾದಲ್ಲಾದರೆ ಇಲ್ಲಿ ಮ್ಯೂಸಿಕ್ ಬರಬೇಕು. (ನಗು) ಅವರು ಕಪ್ ನೋಡಿ, “ಮಾಝಾ ಕಪ್ ಕುಠೆ ಗೇಲಾ?” ಅಂದರು. ನನ್ನ ಕಪ್ ಎಲ್ಲಿ ಹೋಯ್ತು ಅಂತ. ಅವರಿಗೆ ಗಾಬರಿ. ಉಳಿದ ಮನೆಗಳಲ್ಲಿ ಬೇರೆ ಕಪ್ಪೇ ಇರುವಾಗ ಈ ಒಂದು ಮನೆಯಲ್ಲಿ ಯಾಕೆ ಹೀಗೆ, ಏನಾದರೂ ತಪ್ಪಾದೀತು ಅಂತ. ಕಪ್ ಒಂದೇ ದಿನದಲ್ಲಿ ಬದಲಾಯ್ತು. ಅವರು ಡ್ರೈ ಬಾಲ್ಕನಿ ಬಿಟ್ಟು ಡೈನಿಂಗ್ ಟೇಬಲ್ ಹತ್ತಿರ ಕೂತು ಟೀ ಕುಡಿಯೋಕೆ ಎಂಟು ತಿಂಗಳು ಬೇಕಾಯ್ತು. ಈಗಲೂ ಮನೆಗೆ ನೆಂಟರು ಬಂದಾಗ ಎದ್ದು ಹೊರಗೆ ಹೋಗಿಬಿಡ್ತಾರೆ.

ಹಾಗಾಗಿ ನಾನು ಎಲ್ಲ ಸರಿ ಮಾಡಿಬಿಟ್ಟೆ ಅಂತ ಹೇಳೋಕೆ ಬಂದಿಲ್ಲ. ಮೂರು ಸಣ್ಣ ಕೆಲಸ ಹೇಳಿ ಮುಗಿಸ್ತೀನಿ. ಮೂರಕ್ಕೂ ದುಡ್ಡು ಖರ್ಚಿಲ್ಲ.

ಮೊದಲನೇದು, ಮನೆಯಲ್ಲಿ ಸಹಾಯಕ್ಕೆ ಯಾರು ಬರಲಿ, ಬಿಡಲಿ, ಡಿಶ್‌ವಾಷರ್ ಇರಲಿ, ಇಲ್ಲದಿರಲಿ, ಉಂಡ ತಟ್ಟೆ ಉಂಡವರೇ ತೊಳೀರಿ. ಒಂದು ತಟ್ಟೆ, ಒಂದು ಲೋಟ, ಎರಡು ನಿಮಿಷ. ನಮ್ಮ ಮಗಳು ಈಗ ಯಾರೂ ಹೇಳದೆ ತೊಳೀತಾಳೆ. ಕಪ್ಪಿನ ವಿಷಯ ನೋಡಿ ಕಲಿತವಳು ಇದನ್ನೂ ನೋಡೇ ಕಲಿತಳು.

ಎರಡನೇದು, ರಾತ್ರಿ ಮುಸುರೆಯನ್ನ ಬೆಳಿಗ್ಗೆ ಬರೋರಿಗೆ ಅಂತ ಒಣಗೋಕೆ ಬಿಡಬೇಡಿ. ರಾತ್ರಿ ಹತ್ತು ಗಂಟೆಗೆ ಒಂದು ಸಲ ಸವರಿದರೆ ಹೋಗೋ ಬೇಳೆ, ಬೆಳಿಗ್ಗೆ ಏಳಕ್ಕೆ ಉಗುರು ಹಾಕಿ ಕೆರೆದರೂ ಹೋಗಲ್ಲ. ಉಗುರು ಯಾರದ್ದು? ದಿನಕ್ಕೆ ಆರು ಮನೆ ಮಾಡೋರದ್ದು. ಚೆಲ್ಲೋದನ್ನ ಡಬ್ಬಿಗೆ ಚೆಲ್ಲಿ, ನೀರು ಹಾಕಿ ನೆನೆಸಿಯಾದರೂ ಇಡಿ. ನಮ್ಮ ಮನೆಯಲ್ಲಿ ರಾತ್ರಿಯದ್ದು ಪೂರ್ತಿ ನಾವೇ ಮುಗಿಸ್ತೀವಿ. ನಾನು ತಿಕ್ತೀನಿ, ಹೆಂಡತಿ ಜಾಲಿಸ್ತಾಳೆ, ವಾರ ಬಿಟ್ಟು ವಾರ ಅದಲು ಬದಲು.

ಮೂರನೇದು, ಇವತ್ತು ಮನೆಗೆ ಹೋದ ಮೇಲೆ ಡ್ರೈ ಬಾಲ್ಕನಿ ಒಮ್ಮೆ ನೋಡಿ. ಕಿಟಕಿ ಕಟ್ಟೆ, ಸಿಂಕಿನ ಕೆಳಗೆ, ವಾಷಿಂಗ್ ಮಷಿನ್ ಹಿಂದೆ. ಅಲ್ಲಿ ಒಂದು ಕಪ್ ಇದ್ದರೆ ಒಳಗೆ ತಗೊಂಡು ಬನ್ನಿ. ನಿಮ್ಮ ಮನೆಯ ಹಿರಿಯರು ಏನಾದರೂ ಅಂದಾರು. ಅನ್ನಲಿ, ಒಂದು ವಾರ ಅಂತಾರೆ, ಆಮೇಲೆ ಸುಮ್ಮನಾಗ್ತಾರೆ.

ಅವ್ವ ಈಗಲೂ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡ್ತಾಳೆ. ಮುಂಚೆ ಕೇಳ್ತಿದ್ದದ್ದು ಒಂದೇ ಪ್ರಶ್ನೆ, “ಊಟ ಆತೇನು?” ಈಗ ಅದರ ಹಿಂದೇನೇ ಇನ್ನೊಂದು ಬರುತ್ತೆ. “ಭಾಂಡೆ ಆದ್ವೇನು?”

ಈ ಭಾಷಣಕ್ಕೆ ಬರೋಕೆ ಮುಂಚೆ ಅವ್ವನ ಒಪ್ಪಿಗೆ ಕೇಳಿದೆ. “ನೀ ಭಾಂಡೆ ತಿಕ್ಕಿದ್ದ ಎಲ್ಲಾರ ಮುಂದ ಹೇಳ್ಲೇನು?” ಅಂತ. ಸ್ವಲ್ಪ ತಡೆದು ಹೇಳಿದಳು: “ಹೇಳು. ಛಲೋ ತಿಕ್ತಿದ್ಲು ಅಂತನೂ ಹೇಳು.”

ಛಲೋ ತಿಕ್ತಿದ್ದಳು.